ಹೊರದೇಶದಲ್ಲಿ ಮೊದಲ ಚಳಿಗಾಲ: ಓಟಕ್ಕೆ ಏನು ಕೊಳ್ಳಬೇಕು, ಯಾವುದು ಸದ್ಯಕ್ಕೆ ಬೇಡ?

ನೀವು ಕೇಳಿರುವುದು ಇಷ್ಟು ಅಲ್ವಾ? ಕೆಲಸಕ್ಕೆಂದು ಹೊರದೇಶಕ್ಕೆ ಬಂದು ಕೆಲವೇ ತಿಂಗಳಾಗಿದೆ. ಚಳಿಗಾಲ ಮುಗಿಯುತ್ತಿದ್ದಂತೆ ಒಂದು ಹಾಫ್ ಮ್ಯಾರಥಾನ್ ಇದೆ, ಅದಕ್ಕೆ ಹೊರಗೇ ಓಡಿ ತಯಾರಾಗಬೇಕು. ದಪ್ಪ ಜಾಕೆಟ್, ವಾಟರ್‌ಪ್ರೂಫ್ ಶೂ, ಹೊಸ ಜಿಪಿಎಸ್ ವಾಚ್, ಮೂರನ್ನೂ ಒಟ್ಟಿಗೆ ತೆಗೆದುಕೊಳ್ಳಲಾ ಅಂತ ಕೇಳಿದ್ದೀರಿ.

ಮೂರೂ ಸದ್ಯಕ್ಕೆ ಬೇಡ. ಆ ದುಡ್ಡಿನಲ್ಲಿ ಮೊದಲು ಮೈಗೆ ತಾಗುವ ಒಂದು ಒಳ್ಳೆಯ ಬೇಸ್ ಲೇಯರ್ (ಎಲ್ಲಕ್ಕಿಂತ ಒಳಗೆ ಹಾಕುವ ಬಟ್ಟೆ), ಕೈಗವಸು ಮತ್ತು ತಲೆಗೆ ಕಟ್ಟಿಕೊಳ್ಳುವ ಹೆಡ್‌ಲ್ಯಾಂಪ್ ತೆಗೆದುಕೊಳ್ಳಿ. ಇನ್ನೂ ದುಡ್ಡು ಉಳಿಯುತ್ತದೆ. ಚಳಿಗಾಲದಲ್ಲಿ ಓಡುವವರನ್ನು ಕಾಡುವುದು ಚಳಿಗಿಂತ ಜಾಸ್ತಿ ಅವರದೇ ಬೆವರು. ಹೊಸದಾಗಿ ಬಂದವರಿಗೆ ಇದನ್ನು ಯಾರೂ ಹೇಳುವುದಿಲ್ಲ. ನನಗೂ ಹೇಳಿರಲಿಲ್ಲ.

ನನ್ನ ಮೊದಲ ಚಳಿಗಾಲದಲ್ಲಿ ನಾನೂ ದಪ್ಪ ಜಾಕೆಟ್ಟನ್ನೇ ಕೊಂಡಿದ್ದೆ. ಒಳಗೆ ಕಾಟನ್ ಟೀ ಶರ್ಟ್. ಎರಡು ಕಿಲೋಮೀಟರ್ ಆಗುವಷ್ಟರಲ್ಲಿ ಬೆವರು ಇಳಿಯುತ್ತಿತ್ತು. ಚಳಿಯೇ ಇಲ್ಲವಲ್ಲ ಅಂತ ಖುಷಿಯಾಗಿ ಓಡಿದೆ. ಆರನೇ ಕಿಲೋಮೀಟರಿನಲ್ಲಿ ರೈಲ್ವೆ ಗೇಟ್ ಹಾಕಿತ್ತು. ಒಂದು ಗೂಡ್ಸ್ ರೈಲು ಹೋಗುವಷ್ಟು ಹೊತ್ತು ನಿಂತೆ, ಅಷ್ಟೇ. ಬೆನ್ನಿಗೆ ಅಂಟಿದ್ದ ಟೀ ಶರ್ಟು ತಣ್ಣಗೆ ಕೊರೆಯತೊಡಗಿತು. ಗೇಟ್ ತೆಗೆದ ಮೇಲೆ ಎಷ್ಟು ಜೋರಾಗಿ ಓಡಿದರೂ ಮೈ ಬಿಸಿಯಾಗಲಿಲ್ಲ. ಮನೆ ಮುಟ್ಟಿದಾಗ ಬೆರಳುಗಳಿಗೆ ಬೀಗದ ಕೈ ಹಿಡಿಯುವ ಶಕ್ತಿ ಇರಲಿಲ್ಲ. ಅದನ್ನು ಎರಡು ಅಂಗೈ ಮಧ್ಯೆ ಒತ್ತಿ ಹಿಡಿದು, ಇಡೀ ತೋಳು ತಿರುಗಿಸಿ ಬಾಗಿಲು ತೆಗೆದೆ. ಜಾಕೆಟ್ಟಿನ ಜಿಪ್ಪನ್ನು ಹಲ್ಲಿನಿಂದ ಎಳೆದೆ. ಅವತ್ತು ಹೊರಗಿದ್ದದ್ದು ಮೈನಸ್ 2 ಡಿಗ್ರಿ ಮಾತ್ರ.

ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಒದ್ದೆ ಕಾಟನ್ ಮೈಗೆ ಅಂಟಿಕೊಂಡರೆ ಮೈಯ ಬಿಸಿಯೆಲ್ಲ ಅದರ ಮೂಲಕವೇ ಹೋಗುತ್ತದೆ. ಓಡುತ್ತಾ ಇರುವವರೆಗೆ ಇದು ಗೊತ್ತಾಗುವುದಿಲ್ಲ. ಓಡುವಾಗ ನಾವು ಸುಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಶಾಖವಾಗಿಯೇ ಹೊರಬರುತ್ತದೆ. ನಿಂತ ಕೂಡಲೇ ಆ ಒಲೆ ಆರುತ್ತದೆ, ಬೆವರು ಮಾತ್ರ ಹಾಗೇ ಉಳಿಯುತ್ತದೆ.

ಅದಕ್ಕೇ ಓಟಗಾರರಲ್ಲಿ ಒಂದು ಲೆಕ್ಕ ಇದೆ: ಹೊರಗೆ ಎಷ್ಟು ಡಿಗ್ರಿ ಇದೆಯೋ ಅದಕ್ಕಿಂತ 10 ಡಿಗ್ರಿ ಜಾಸ್ತಿ ಇದೆ ಅಂದುಕೊಂಡು ಬಟ್ಟೆ ಹಾಕಿ. ಬಾಗಿಲಾಚೆ ಕಾಲಿಟ್ಟಾಗ ಸ್ವಲ್ಪ ಚಳಿ ಆಗಲೇಬೇಕು. ಬೆಚ್ಚಗೆ ಅನ್ನಿಸಿದರೆ ಒಂದು ಬಟ್ಟೆ ಜಾಸ್ತಿಯಾಯಿತು ಅಂತ ಅರ್ಥ.

ಬೇಸ್ ಲೇಯರ್ ವಿಷಯದಲ್ಲಿ ನನ್ನ ಓಟು ಮೆರಿನೋ ಅನ್ನುವ ಕುರಿಯ ನಯವಾದ ಉಣ್ಣೆಗೆ. ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ನೂಲಿನೊಳಗೆ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಬೇಗ ನಾತ ಹೊಡೆಯುವುದಿಲ್ಲ, ಎರಡು ಮೂರು ಓಟಕ್ಕೆ ಒಮ್ಮೆ ಒಗೆದರೆ ಸಾಕು. ಆದರೆ ದುಬಾರಿ, ನಿಧಾನ ಒಣಗುತ್ತದೆ, ಬೇಗ ತೂತು ಬೀಳುತ್ತದೆ. ಬಜೆಟ್ ಕಡಿಮೆ ಇದ್ದರೆ ತೆಳು ಪಾಲಿಯೆಸ್ಟರ್‌ನದ್ದೂ ಚೆನ್ನಾಗಿಯೇ ನಡೆಯುತ್ತದೆ. ಎರಡರಲ್ಲಿ ಯಾವುದಾದರೂ ಮೈಗೆ ಅಂಟಿಕೊಂಡಿರಬೇಕು. ಸಡಿಲ ಇದ್ದರೆ ಬೆವರನ್ನು ಎಳೆದುಕೊಳ್ಳಲು ಆಗುವುದಿಲ್ಲ. ಪಾಲಿಯೆಸ್ಟರ್ ಬಟ್ಟೆ ಒಗೆಯುವಾಗ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ. ಅದು ನೂಲಿನ ಮೇಲೆ ಪದರ ಕಟ್ಟಿ ಬೆವರು ಎಳೆಯುವ ಗುಣವನ್ನೇ ಕೆಡಿಸುತ್ತದೆ.

ಅದರ ಮೇಲೆ ದಪ್ಪ ಜಾಕೆಟ್ ಬದಲು ಗಾಳಿ ತಡೆಯುವ ತೆಳು ವಿಂಡ್ ಜಾಕೆಟ್ ಸಾಕು. ಮಡಚಿದರೆ ಮುಷ್ಟಿಯೊಳಗೆ ಹಿಡಿಸುವಂಥದ್ದು. ನಿಜವಾದ ಚಳಿ ತರುವುದು ಗಾಳಿ. ಹೊರಗೆ 0 ಡಿಗ್ರಿ ಇದ್ದು ಗಂಟೆಗೆ 20 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ, ಚರ್ಮಕ್ಕೆ ಮೈನಸ್ 5ರಷ್ಟು ಚಳಿ ತಾಗುತ್ತದೆ. ದುಡ್ಡೇ ಖರ್ಚಿಲ್ಲದ ಒಂದು ಉಪಾಯ ಕೂಡ ಇದೆ: ಹೋಗುವಾಗ ಎದುರುಗಾಳಿಗೆ ಓಡಿ, ಬರುವಾಗ ಗಾಳಿ ಬೆನ್ನಿಗೆ ಇರಲಿ. ಉಲ್ಟಾ ಮಾಡಿದರೆ ಬೆವರಿ ಒದ್ದೆಯಾದ ಮೈಗೆ ವಾಪಸ್ ದಾರಿಯುದ್ದಕ್ಕೂ ಗಾಳಿ ಹೊಡೆಯುತ್ತದೆ.

ಕೈಗೆ ಬೆರಳು ಬೆರಳಾಗಿರುವ ಗ್ಲೌಸ್ ಬದಲು ಮಿಟನ್ ನೋಡಿ. ಹೆಬ್ಬೆರಳು ಬಿಟ್ಟು ಉಳಿದ ನಾಲ್ಕೂ ಒಂದೇ ಗೂಡಿನಲ್ಲಿ ಇರುತ್ತವೆ, ಒಂದಕ್ಕೊಂದು ಬಿಸಿ ಕೊಡುತ್ತವೆ. ತುಂಬಾ ಚಳಿ ಇಲ್ಲದ ದಿನಕ್ಕೆ ತೆಳು ಗ್ಲೌಸ್, ಕೊರೆಯುವ ದಿನ ಅದರ ಮೇಲೆ ಮಿಟನ್. ಕುತ್ತಿಗೆಗೆ ಒಂದು ಬಫ್ (ಕೊಳವೆಯಂತೆ ಹೊಲಿದ ತೆಳು ಬಟ್ಟೆ) ಇರಲಿ. ಚಳಿ ಹೆಚ್ಚಾದರೆ ಮೂಗು ಬಾಯಿ ಮೇಲೆ ಎಳೆದುಕೊಳ್ಳಬಹುದು, ಸೆಕೆಯಾದರೆ ಮಣಿಕಟ್ಟಿಗೆ ಸುತ್ತಿಕೊಳ್ಳಬಹುದು. ಕಾಲಿಗೆ ಒಂದು ಟೈಟ್ಸ್ ಸಾಕು. ಕಾಲಿನ ಸ್ನಾಯುಗಳೇ ಕೆಲಸ ಮಾಡುತ್ತಿರುತ್ತವೆ, ಅಲ್ಲಿ ಅಷ್ಟು ಚಳಿ ಆಗುವುದಿಲ್ಲ.

ವಾಟರ್‌ಪ್ರೂಫ್ ಶೂ ಬೇಡ ಅಂದೆನಲ್ಲ, ಕಾರಣ ಇಷ್ಟೇ. ಒದ್ದೆ ಹುಲ್ಲು, ಪುಡಿ ಹಿಮಕ್ಕೆ ಅದು ಚೆನ್ನ. ಆದರೆ ಕರಗಿದ ಹಿಮದ ಹೊಂಡಕ್ಕೆ ಕಾಲಿಟ್ಟರೆ ನೀರು ಮೇಲಿನಿಂದ ಒಳಗೆ ಬರುತ್ತದೆ, ಹೊರಗೆ ಹೋಗುವುದಿಲ್ಲ. ಮಾಮೂಲಿ ಶೂನಲ್ಲಿ ಉಣ್ಣೆ ಕಾಲುಚೀಲ ಹಾಕಿದರೆ ಕಾಲು ಒದ್ದೆಯಾದರೂ ಬೆಚ್ಚಗಿರುತ್ತದೆ. ದಪ್ಪ ಕಾಲುಚೀಲಕ್ಕೆ ಜಾಗ ಇರಬೇಕು, ಶೂ ಬಿಗಿಯಾದರೆ ರಕ್ತ ಓಡಾಡದೆ ಬೆರಳು ಮರಗಟ್ಟುತ್ತವೆ. ನಿಮ್ಮ ಊರಿನಲ್ಲಿ ರಸ್ತೆ ಮೇಲೆ ಗಟ್ಟಿ ಐಸ್ ಕಟ್ಟುತ್ತದೆಯೇ ಅನ್ನುವುದನ್ನು ಅಲ್ಲಿಯವರನ್ನು ಕೇಳಿ. ಕಟ್ಟುವುದಾದರೆ ಯಾವ ರಬ್ಬರ್ ಸೋಲೂ ಸಾಲದು. ಇರುವ ಶೂ ಮೇಲೇ ಎಳೆದು ಹಾಕಿಕೊಳ್ಳುವ ಮುಳ್ಳಿನ ಪಟ್ಟಿ ಸಿಗುತ್ತದೆ, ಅದನ್ನು ಕೊಳ್ಳಿ. ಶೂ ಒಣಗಿಸಲು ಹೀಟರ್ ಮೇಲೆ ಇಡಬೇಡಿ, ಅಂಟು ಬಿಡುತ್ತದೆ. ಹಳೇ ಪೇಪರ್ ಉಂಡೆ ಮಾಡಿ ಒಳಗೆ ತುರುಕಿ, ಒಂದು ಗಂಟೆಗೆ ಒಮ್ಮೆ ಬದಲಿಸಿ.

ಶೂ ಕೊಳ್ಳುವಾಗ ನಂಬರಿನ ಗೊಂದಲ ಆಗೇ ಆಗುತ್ತದೆ. ಯುಕೆ 8 ಅಂದರೆ ಸಾಮಾನ್ಯವಾಗಿ ಅಮೆರಿಕದ ಗಂಡಸರ 9, ಯುರೋಪಿನ 42 ಅಥವಾ 42.5. ಅಮೆರಿಕದ ಹೆಂಗಸರ ನಂಬರು ಗಂಡಸರದಕ್ಕಿಂತ ಸುಮಾರು ಒಂದೂವರೆ ಜಾಸ್ತಿ. ಕಂಪನಿಯಿಂದ ಕಂಪನಿಗೆ ಇದೂ ಬದಲಾಗುತ್ತದೆ. ಸಂಜೆ ಹೊತ್ತು ಗೋಡೆಗೆ ಹಿಮ್ಮಡಿ ಒತ್ತಿ ನಿಂತು ಪಾದವನ್ನು ಸೆಂಟಿಮೀಟರಿನಲ್ಲಿ ಅಳೆದಿಟ್ಟುಕೊಳ್ಳಿ. ಪೆಟ್ಟಿಗೆ ಮೇಲೆ ಆ ಅಳತೆಯೂ ಇರುತ್ತದೆ.

ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ನೀವಿರುವ ದೇಶದ ಒಳಗಿನಿಂದಲೇ ಬರುವಂತೆ ನೋಡಿಕೊಳ್ಳಿ. ಬೇರೆ ದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕ ಬೀಳಬಹುದು, ಅಳತೆ ಸರಿಹೋಗದಿದ್ದರೆ ವಾಪಸ್ ಕಳಿಸುವುದೂ ಕಷ್ಟ. ಯುರೋಪ್ ಒಕ್ಕೂಟದ ದೇಶದಲ್ಲಿದ್ದರೆ, ಆನ್‌ಲೈನ್‌ನಲ್ಲಿ ಕೊಂಡದ್ದನ್ನು ಕೈಗೆ ಬಂದ 14 ದಿನದೊಳಗೆ ಕಾರಣ ಹೇಳದೆ ವಾಪಸ್ ಕೊಡುವ ಹಕ್ಕು ಕಾನೂನಿನಲ್ಲೇ ಇದೆ. ಮನೆಯೊಳಗೆ ಹಾಕಿ ನೋಡಿ, ಹೊರಗೆ ಓಡಬೇಡಿ. ಮುಂದೆ ಆ ದೇಶ ಬಿಡುವ ಯೋಚನೆ ಇದ್ದರೆ ಎಲೆಕ್ಟ್ರಾನಿಕ್ ವಸ್ತುವಿನ ವಾರಂಟಿ ಬೇರೆ ಕಡೆ ನಡೆಯುತ್ತದೆಯೇ ಅಂತಲೂ ಮೊದಲೇ ಓದಿಕೊಳ್ಳಿ.

ಬೆಳಕಿನ ವಿಷಯದಲ್ಲಿ ಮಾತ್ರ ದಯವಿಟ್ಟು ಕಂಜೂಸಿ ಮಾಡಬೇಡಿ. ಕೆಲಸ ಮುಗಿಸಿ ಹೊರಡುವ ಹೊತ್ತಿಗೆ ಕತ್ತಲಾಗಿರುತ್ತದೆ. ದೀಪ ಇಲ್ಲದ ದಾರಿಗೆ 200ರಿಂದ 400 ಲ್ಯೂಮೆನ್ (ಬೆಳಕಿನ ಅಳತೆ, ಪೆಟ್ಟಿಗೆ ಮೇಲೆ ಬರೆದಿರುತ್ತದೆ) ಹೆಡ್‌ಲ್ಯಾಂಪ್ ಬೇಕು. ಹೊಳೆಯುವ ಹಳದಿ ಬಣ್ಣದ ಜಾಕೆಟ್ ಇದೆ ಅಂತ ಧೈರ್ಯ ಮಾಡಬೇಡಿ. ಆ ಬಣ್ಣ ಹೊಳೆಯಲು ಹಗಲ ಬೆಳಕಿನ ಅತಿನೇರಳೆ ಕಿರಣ ಬೇಕು, ರಾತ್ರಿ ಅದು ಸುಮ್ನೆ ಒಂದು ಬಟ್ಟೆ. ಕಾರಿನ ಬೆಳಕನ್ನು ವಾಪಸ್ ಚಿಮ್ಮಿಸುವ ರಿಫ್ಲೆಕ್ಟರ್ ಪಟ್ಟಿಯೇ ಬೇಕು. ಅದನ್ನೂ ಎದೆಗಿಂತ ಕಣಕಾಲಿಗೆ, ಮಣಿಕಟ್ಟಿಗೆ ಕಟ್ಟಿ. ಎದೆ ಮೇಲಿನದ್ದು ದೂರದಿಂದ ಯಾವುದೋ ಫಲಕ ಅನ್ನಿಸಬಹುದು. ಮೇಲೆ ಕೆಳಗೆ ಆಡುವ ಕಾಲು ಕಂಡರೆ, ಅಲ್ಲಿ ಒಬ್ಬ ಮನುಷ್ಯ ಇದ್ದಾನೆ ಅಂತ ಡ್ರೈವರಿಗೆ ಕೂಡಲೇ ಗೊತ್ತಾಗುತ್ತದೆ.

ಇನ್ನು ವಾಚ್. ಹಳೇ ಜಿಪಿಎಸ್ ವಾಚ್ ಇದ್ದರೆ ಅದನ್ನೇ ಇಟ್ಟುಕೊಂಡು, ಎದೆಗೆ ಕಟ್ಟಿಕೊಂಡು ಹೃದಯ ಬಡಿತ ಅಳೆಯುವ ಒಂದು ಚೆಸ್ಟ್ ಸ್ಟ್ರ್ಯಾಪ್ ಕೊಳ್ಳಿ. ಮಣಿಕಟ್ಟಿನ ವಾಚ್ ಚರ್ಮದೊಳಗೆ ಬೆಳಕು ಬಿಟ್ಟು ರಕ್ತದ ಓಡಾಟ ನೋಡಿ ಹೃದಯ ಬಡಿತ ಲೆಕ್ಕ ಹಾಕುತ್ತದೆ. ಚಳಿಗೆ ಚರ್ಮದ ರಕ್ತನಾಳಗಳು ಕಿರಿದಾಗುತ್ತವೆ, ಅದಕ್ಕೆ ಓದಲು ಏನೂ ಸಿಗುವುದಿಲ್ಲ. ಎಷ್ಟೋ ಸಲ ಹೆಜ್ಜೆಯ ಅಲುಗಾಟವನ್ನೇ ಬಡಿತ ಅಂತ ಎಣಿಸುತ್ತದೆ. ಮಾತಾಡಿಕೊಂಡು ಆರಾಮಾಗಿ ಓಡುತ್ತಿದ್ದ ಒಂದು ಬೆಳಿಗ್ಗೆ ನನ್ನ ವಾಚ್ 174 ತೋರಿಸಿತು, ನಿಮಿಷಕ್ಕೆ ಹೆಜ್ಜೆಯೂ ಸರಿಯಾಗಿ 174. ಹೊಸ ದುಬಾರಿ ವಾಚ್ ಕೊಂಡರೂ ಚಳಿಯಲ್ಲಿ ಈ ತೊಂದರೆ ಪೂರ್ತಿ ಹೋಗುವುದಿಲ್ಲ. ಚೆಸ್ಟ್ ಸ್ಟ್ರ್ಯಾಪ್ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಕಟ್ಟುವ ಮುಂಚೆ ಒಳಬದಿಯನ್ನು ನೀರಿನಿಂದ ಒದ್ದೆ ಮಾಡಿ, ಇಲ್ಲದಿದ್ದರೆ ಒಣ ಹವೆಯಲ್ಲಿ ಮೊದಲ ಹತ್ತು ನಿಮಿಷ ಏನೇನೋ ತೋರಿಸುತ್ತದೆ.

ಮುಂದೆ ವಾಚ್ ಕೊಳ್ಳುವ ದಿನ ಬಂದರೆ ಗುಂಡಿಗಳಿರುವುದನ್ನು ಆರಿಸಿ. ಗ್ಲೌಸ್ ಹಾಕಿದ ಕೈಗೆ ಟಚ್ ಸ್ಕ್ರೀನ್ ಕೆಲಸಕ್ಕೆ ಬರುವುದಿಲ್ಲ. ಫೋನನ್ನು ಸೊಂಟದ ಪಟ್ಟಿಯಲ್ಲಿ, ಜಾಕೆಟ್ಟಿನ ಒಳಗೆ ಮೈಗೆ ಹತ್ತಿರ ಇಟ್ಟುಕೊಳ್ಳಿ. ಚಳಿಯಲ್ಲಿ ಫೋನಿನ ಲಿಥಿಯಂ ಬ್ಯಾಟರಿ ಅರ್ಧ ಚಾರ್ಜ್ ಇದ್ದರೂ ಫಕ್ಕನೆ ಆಫ್ ಆಗಿಬಿಡಬಹುದು, ಕಾಲು ಉಳುಕಿ ಯಾರನ್ನಾದರೂ ಕರೆಯಬೇಕಾದ ಹೊತ್ತಿಗೇ. ಮನೆಗೆ ಬಂದ ತಕ್ಷಣ ಫೋನನ್ನೋ ಹೆಡ್‌ಲ್ಯಾಂಪನ್ನೋ ಚಾರ್ಜಿಗೆ ಹಾಕಬೇಡಿ. ಹೆಪ್ಪುಗಟ್ಟುವ ಚಳಿಯಲ್ಲಿದ್ದ ಬ್ಯಾಟರಿಗೆ ಹಾಗೇ ಚಾರ್ಜ್ ಮಾಡಿದರೆ ಒಳಗೆ ಶಾಶ್ವತವಾಗಿ ಹಾಳಾಗುತ್ತದೆ. ಮೊದಲು ಒದ್ದೆ ಬಟ್ಟೆ ಬದಲಿಸಿ, ಸ್ನಾನ ಮಾಡಿ ಬನ್ನಿ. ಅಷ್ಟರಲ್ಲಿ ಅದೂ ಬೆಚ್ಚಗಾಗಿರುತ್ತದೆ.