ಔಷಧಿ ಹೊಡೆದ ಸಂಜೆ ತಲೆಸುತ್ತು ಬರುತ್ತದೆ, ಯಾವ ಮಾಸ್ಕ್ ಕೊಳ್ಳಲಿ?

ಮೆಣಸಿನ ಗಿಡಕ್ಕೆ ಕ್ಲೋರ್‌ಪೈರಿಫಾಸ್ ಕೀಟನಾಶಕ ಹೊಡೆದ ಸಂಜೆಯೆಲ್ಲಾ ತಲೆಸುತ್ತು, ಬೆವರು, ಬಾಯಲ್ಲಿ ನೀರು ಅಂದಿದ್ದೀರಿ. ನಾನೂ ಬೆನ್ನಿಗೆ ಸಿಂಪಡಣೆಯ ಕ್ಯಾನ್ ಕಟ್ಟಿ ದುಡಿದವನೇ, ಈ ಲಕ್ಷಣ ಚೆನ್ನಾಗಿ ಗೊತ್ತು. ಮಾಸ್ಕ್ ಮಾತು ಆಮೇಲಾಗಲಿ. ಹೊಲದಲ್ಲಿ ಈ ವಿಷ ಹೆಚ್ಚಾಗಿ ಒಳಗಿಳಿಯುವುದು ಚರ್ಮದಿಂದ.

ನಮ್ಮವರಿಗೆ ದುಬಾರಿಯಾಗುವ ತಪ್ಪು ಒಂದೇ: ಒದ್ದೆ ಬಟ್ಟೆಯಲ್ಲೇ ಕೆಲಸ ಮುಂದುವರಿಸುವುದು. ಕ್ಯಾನಿನ ಮುಚ್ಚಳದ ವಾಷರ್ ಸವೆದಿರುತ್ತದೆ, ಬಗ್ಗಿದಾಗಲೆಲ್ಲ ಬೆನ್ನಿಗೆ ಸೋರುತ್ತದೆ, ಸೊಂಟದಿಂದ ತೊಡೆಸಂದಿಗೆ ಇಳಿಯುತ್ತದೆ. ಆ ಭಾಗದ ಚರ್ಮ ಮುಂಗೈಗಿಂತ ಹಲವು ಪಟ್ಟು ಹೆಚ್ಚು ಹೀರುತ್ತದೆ, ಬೆವರಿದ್ದರೆ ಇನ್ನೂ ಜಾಸ್ತಿ. "ಇನ್ನೊಂದು ಕ್ಯಾನ್ ಮುಗಿಸಿಬಿಡೋಣ" ಅನ್ನುವ ಹೊತ್ತೆಲ್ಲ ವಿಷ ಒಳಗೆ ಹೋಗುತ್ತಲೇ ಇರುತ್ತದೆ. ಬೆರೆಸುವಾಗ ಬರಿಗೈ ಹಾಕಿದರಂತೂ ಮುಗಿಯಿತು. ಲೀಟರಿಗೆ 2 ಮಿಲಿ ಲೆಕ್ಕ ಹಿಡಿದರೆ ಬಾಟಲಿಯೊಳಗಿನದು ಕ್ಯಾನಿನಲ್ಲಿರುವುದಕ್ಕಿಂತ 500 ಪಟ್ಟು ಗಟ್ಟಿ.

ನರ ತನ್ನ ಸಂದೇಶವನ್ನು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ ದಾಟಿಸುತ್ತದೆ. ಅದನ್ನು ಆ ಕ್ಷಣವೇ ಒಡೆಯಲು ಒಂದು ಕಿಣ್ವವಿದೆ, ಕೋಲಿನೆಸ್ಟರೇಸ್. ಈ ವಿಷ ಕಟ್ಟಿಹಾಕುವುದು ಆ ಕಿಣ್ವವನ್ನೇ. ಸಂದೇಶ ನಿಲ್ಲುವುದೇ ಇಲ್ಲ: ಜೊಲ್ಲು, ಕಣ್ಣೀರು, ವಾಂತಿ, ಭೇದಿ, ಮಾಂಸಖಂಡದ ಅದುರು. ಮಿದುಳಿಗೆ ತಟ್ಟಿದರೆ ಗೊಂದಲ, ಫಿಟ್ಸ್. ಕೆಂಪು ರಕ್ತಕಣಗಳಲ್ಲಿ ಈ ಕಿಣ್ವ ಮರಳುವುದು ದಿನಕ್ಕೆ ಸುಮಾರು 1%. ಹಾಗಾಗಿ ಹೋದ ವಾರದ ವಿಷ ಈ ವಾರದ್ದಕ್ಕೆ ಕೂಡಿಕೊಳ್ಳುತ್ತದೆ. "ರೂಢಿಯಾಗಿದೆ, ಏನೂ ಆಗಲ್ಲ" ಅನ್ನುವುದು ಶುದ್ಧ ಸುಳ್ಳು.

ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ ಅದು ಬಿಸಿಲಿನ ಸುಸ್ತಲ್ಲ, ವಿಷವೇ. ಪಾಪೆ ಸರಿಯಿದ್ದ ಮಾತ್ರಕ್ಕೆ ಧೈರ್ಯವಾಗಿರಬೇಡಿ. ಲಕ್ಷಣ ಕಂಡ ಕೂಡಲೇ ಬಟ್ಟೆ ಪೂರ್ತಿ ಬಿಚ್ಚಿ, ಕೂದಲು, ಉಗುರುಸಂದಿ ಸೇರಿಸಿ ಸೋಪು ಹಾಕಿ ಧಾರಾಳ ನೀರಲ್ಲಿ ತೊಳೆಯಿರಿ. ತೊಳೆಯುವವರೂ ಗ್ಲೌಸ್ ಹಾಕಲಿ. 108ಕ್ಕೆ ಫೋನ್ ಮಾಡಿ, ಬಾಟಲಿಯನ್ನು ಜೊತೆಗೇ ಒಯ್ಯಿರಿ. ಮಜ್ಜಿಗೆ, ಹಾಲು ಕುಡಿಸಬೇಡಿ, ಮಂಪರಿನಲ್ಲಿದ್ದವನಿಗೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಆಸ್ಪತ್ರೆಯಲ್ಲಿ ಎದೆಯ ಕಫ ಒಣಗುವವರೆಗೆ ಸುಮಾರು 5 ನಿಮಿಷಕ್ಕೊಮ್ಮೆ ಅಟ್ರೋಪಿನ್ ಎಂಬ ಮದ್ದನ್ನು ದುಪ್ಪಟ್ಟು ಮಾಡುತ್ತಾ ಕೊಡುತ್ತಾರೆ. ಹುಷಾರಾದಂತೆ ಕಂಡ ಕೂಡಲೇ ಮನೆಗೆ ಹೊರಡಬೇಡಿ. ವಿಷ ತಗುಲಿದ ಮೇಲೆ 24ರಿಂದ 96 ಗಂಟೆಯೊಳಗೆ ಕತ್ತಿನ, ಉಸಿರಾಟದ ಸ್ನಾಯುಗಳು ಸೋಲಬಹುದು. ದಿಂಬಿನಿಂದ ತಲೆ ಎತ್ತಲಾಗದಿದ್ದರೆ ತಕ್ಷಣ ನರ್ಸನ್ನು ಕರೆಯಿರಿ.

ಮಾಸ್ಕ್ ಹಾಕಿಕೊಳ್ಳಿ, ಬೇಡ ಅನ್ನುವುದಿಲ್ಲ. ಅದಕ್ಕೂ ಮೊದಲು ಹೊಸ ವಾಷರ್, ನೈಟ್ರೈಲ್ ರಬ್ಬರಿನ ಗ್ಲೌಸ್, ಬೆನ್ನಿಗೊಂದು ಪ್ಲಾಸ್ಟಿಕ್ ಹಾಳೆ, ಗದ್ದೆಬದಿಯಲ್ಲಿ ಒಂದು ಜೊತೆ ಒಣಬಟ್ಟೆ ಇರಲಿ. ಸಿಂಪಡಣೆ ಶುರುವಾಗುವ ಮುನ್ನ ರಕ್ತದ ಕೋಲಿನೆಸ್ಟರೇಸ್ ಪರೀಕ್ಷೆ ಮಾಡಿಸಿ ಚೀಟಿ ಇಟ್ಟುಕೊಳ್ಳಿ. ಒಬ್ಬೊಬ್ಬರ ಮಟ್ಟ ಒಂದೊಂದು ಥರ, ಮುಂದೆ ಹೋಲಿಸಲು ನಿಮ್ಮದೇ ಅಂಕಿ ಬೇಕು.