ಯಕ್ಷಗಾನ ಆಟದ ವಿಡಿಯೊ ಎಕ್ಸ್‌ಪೋರ್ಟಿಗೆ 11 ಗಂಟೆಯಾ? ಬಿಟ್‌ರೇಟ್ ಮುಟ್ಟಬೇಡಿ

ಮಾರಾಯ್ರೇ, ನಾಲ್ಕು ಗಂಟೆಯ ಯಕ್ಷಗಾನ ಹರಕೆ ಆಟ, 4ಕೆಯಲ್ಲಿ ಶೂಟ್, ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಪೂರ್ತಿ ಫೈಲ್ ಮಾಡ್ಲಿಕ್ಕೆ 11 ಗಂಟೆ ತೋರಿಸ್ತಾ ಉಂಟು, ಬಿಟ್‌ರೇಟ್ (ಒಂದು ಸೆಕೆಂಡಿನ ವಿಡಿಯೊಗೆ ಎಷ್ಟು ಮೆಗಾಬಿಟ್ ಡೇಟಾ ಅಂತ) 16ರಿಂದ 4ಕ್ಕೆ ಇಳಿಸಿದ್ರೆ ಬೇಗ ಆಗ್ತದಾ ಅಂತ ಕೇಳಿದ್ದೀರಿ. ಆಗುದಿಲ್ಲ. ಫೈಲ್ ಸಣ್ಣದಾಗ್ತದೆ ಅಷ್ಟೇ, ಸಮಯ ಹೆಚ್ಚೇನೂ ಉಳಿಯುದಿಲ್ಲ. ಧೀಂಗಿಣ (ಗಿರಗಿರ ತಿರುಗುವ ಕುಣಿತ) ಹೊಡೆಯುವಾಗ ವೇಷ ಇಡೀ ಚೌಕ ಚೌಕ ಕಾಣ್ತದೆ, ಅದು ಬೇರೆ.

ನಿಮ್ಮ ಸ್ಕ್ರೀನ್‌ಶಾಟ್‌ನಲ್ಲಿ ‘ವಿಬಿಆರ್, 2 ಪಾಸ್’ ಅಂತ ಉಂಟಲ್ಲ, ಅದೇ ಕಳ್ಳ. ಇಡೀ ವಿಡಿಯೊವನ್ನು ಎರಡು ಸಲ ಓದ್ತದೆ, ಸಾಲದ್ದಕ್ಕೆ ಅದನ್ನು ಆರಿಸಿದ ಕೂಡಲೇ ಹಾರ್ಡ್‌ವೇರ್ ಎನ್‌ಕೋಡಿಂಗ್ (ವಿಡಿಯೊ ಕುಗ್ಗಿಸುವ ಕೆಲಸವನ್ನು ಅದಕ್ಕೇ ಇರುವ ಚಿಪ್ ಬೇಗ ಮಾಡುದು) ಬಂದ್. 1 ಪಾಸ್ ಮಾಡಿ, ಫಾರ್ಮ್ಯಾಟ್ ಎಚ್.264 ಹಾಗೇ ಇರಲಿ, ಪರ್ಫಾರ್ಮೆನ್ಸ್ ಅಂತ ಇರುವಲ್ಲಿ ‘ಹಾರ್ಡ್‌ವೇರ್’ ಬಂತಾ ನೋಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ ಅಂದ್ರಿ, ಚಿಂತೆ ಬೇಡ. ಐ5 ಲ್ಯಾಪ್‌ಟಾಪಿನ ಪ್ರೊಸೆಸರ್ ಒಳಗೇ ಈ ಕೆಲಸಕ್ಕೆ ಇಂಟೆಲ್‌ನ ಕ್ವಿಕ್ ಸಿಂಕ್ ಇರ್ತದೆ. ಒತ್ಲಿಕ್ಕೆ ಬಾರದೆ ಬೂದು ಬಣ್ಣ ಇದ್ರೆ ಗ್ರಾಫಿಕ್ಸ್ ಡ್ರೈವರ್ ಹೊಸತು ಹಾಕಿ.

4ಕೆ ಯಾರಿಗೆ? ಹರಕೆಯವರ ಮನೆ ಟಿವಿಗೆ, ಯೂಟ್ಯೂಬಿಗೆ ತಾನೇ? 1080ಪಿ ಸಾಕು. 4ಕೆ ಅಂದ್ರೆ ಅದರ ನಾಲ್ಕು ಪಟ್ಟು ಪಿಕ್ಸೆಲ್. ಶೂಟ್ 25 ಫ್ರೇಮ್ ಆದ್ರೆ ಎಕ್ಸ್‌ಪೋರ್ಟೂ 25. 30 ಫ್ರೇಮ್ ವರೆಗಿನ 1080ಪಿಗೆ ಯೂಟ್ಯೂಬಿನವರು ಹೇಳುವ ಬಿಟ್‌ರೇಟ್ 8. ಹಾರ್ಡ್‌ವೇರ್ ಎನ್‌ಕೋಡಿಂಗ್ ಸ್ವಲ್ಪ ಒರಟು, ಹಾಗಾಗಿ ನಾನು 10 ಕೊಡ್ತೇನೆ.

ಇನ್ನೊಂದು, ನಾಯ್ಸ್ ರಿಡಕ್ಷನ್, ಅಂದ್ರೆ ಕತ್ತಲೆಯ ಶಾಟ್‌ನಲ್ಲಿ ಕಾಣುವ ಕಾಳು ಕಾಳು ತೆಗೆಯುವ ಎಫೆಕ್ಟ್. ರಾತ್ರಿಯ ಆಟ ಅಂತ ಎಲ್ಲ ಕ್ಲಿಪ್ಪಿಗೂ ಹಾಕಿದ್ದೀರಿ. ರಂಗಸ್ಥಳದ ಬೆಳಕಲ್ಲಿ ತೆಗೆದದ್ದಕ್ಕೆ ಅದು ಬೇಡವೇ ಬೇಡ. ಚೌಕಿಯದ್ದೋ (ವೇಷ ಕಟ್ಟುವ ಜಾಗ) ಪ್ರೇಕ್ಷಕರದ್ದೋ ಕತ್ತಲೆ ಶಾಟ್‌ಗಳಿಗೆ ಮಾತ್ರ ಇಡಿ. ಸೆಟ್ಟಿಂಗ್ ಏನೇ ಬದಲಿಸಿ, ಈ ಎಫೆಕ್ಟ್ ಇದ್ರೆ ಲ್ಯಾಪ್‌ಟಾಪ್ ಏದುಸಿರು ಬಿಡ್ತದೆ.

ಪೂರ್ತಿ ಹಚ್ಚುವ ಮೊದಲು ಒಂದು ನಿಮಿಷ ಮಾತ್ರ ಎಕ್ಸ್‌ಪೋರ್ಟ್ ಮಾಡಿ. ಯಾವ ನಿಮಿಷ ಅಂದ್ರೆ, ಮಹಿಷಾಸುರ ದೊಂದಿ (ಪಂಜು) ಹಿಡಿದು ಜನರ ನಡುವಿಂದ ಬರುವಲ್ಲಿ ಶುರುವಿನ ಗುರುತು ‘ಇನ್’ ಹಾಕಿ, ರಾಳದ ಬೆಂಕಿ ಭುಗ್ಗೆಂದು ಎದ್ದ ಮೇಲೆ ಕೊನೆಯ ಗುರುತು ‘ಔಟ್’. ಬೆಂಕಿ, ಹೊಗೆ, ಓಟ, ಕತ್ತಲೆ ಎಲ್ಲ ಒಟ್ಟಿಗೆ. ಎನ್‌ಕೋಡರಿಗೆ ಇದಕ್ಕಿಂತ ಕಷ್ಟದ ಜಾಗ ಇಡೀ ಆಟದಲ್ಲಿ ಇಲ್ಲ. ಅದು ಟಿವಿಯಲ್ಲಿ ಚಂದ ಕಂಡ್ರೆ ಉಳಿದದ್ದೂ ಕಾಣ್ತದೆ. ಆ ನಿಮಿಷಕ್ಕೆ 40 ಸೆಕೆಂಡ್ ಹಿಡಿದ್ರೆ ನಾಲ್ಕು ಗಂಟೆಗೆ ಸುಮಾರು 2 ಗಂಟೆ 40 ನಿಮಿಷ.

ಮತ್ತೆ, ಒಂದೇ ಫೈಲ್ ಮಾಡ್ಬೇಡಿ. ಹೋದ ವರ್ಷ ಪತ್ತನಾಜೆ (ಮೇ ಕೊನೆಗೆ, ಆಟದ ತಿರುಗಾಟ ಮುಗಿಯುವ ದಿನ) ಹೊತ್ತಿಗೆ ನಾನು ಇಲ್ಲಿ ಮೂಲ್ಕಿಯಲ್ಲಿ ರಾತ್ರಿ ಹಚ್ಚಿಟ್ಟು ಮಲಗಿದ್ದೆ. ಗುಡುಗಿಗೆ ಕರೆಂಟ್ ಹೋಗಿ, ಬ್ಯಾಟರಿಯೂ ಸತ್ತು, ಬೆಳಿಗ್ಗೆ ನೋಡಿದ್ರೆ ಫೈಲ್ ತೆರೆಯುದೇ ಇಲ್ಲ. ಎಂಪಿ4 ಅರ್ಧಕ್ಕೆ ನಿಂತ್ರೆ ಹಾಗೆಯೇ. ಈಗ ಮುಕ್ಕಾಲು ಗಂಟೆಯ ತುಂಡು ಮಾಡ್ತೇನೆ, ಪದ್ಯ ಮುಗಿದಲ್ಲಿ ಕತ್ತರಿಸಿ. 10ರ ಬಿಟ್‌ರೇಟಿಗೆ ಒಂದೊಂದು ಸುಮಾರು 3.4 ಜಿಬಿ. ಹಳೆ ಟಿವಿಗೆ ಹಾಕುವ, ಎಫ್‌ಎಟಿ32 ಅಂತ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ 4 ಜಿಬಿಗಿಂತ ದೊಡ್ಡ ಫೈಲ್ ತಗೊಳ್ಳುದಿಲ್ಲ, ಅದಕ್ಕೂ ಸರಿ ಆಗ್ತದೆ. ಒಂದು ನಿಮಿಷದ್ದು ಇವತ್ತೇ ಮಾಡಿ, ಎಷ್ಟು ಸೆಕೆಂಡ್ ಹಿಡೀತು ಅಂತ ಇಲ್ಲೇ ಹಾಕಿ.