ಕಾಂಡ್ಲಾ ಕಡಿಯುವ ಅರ್ಜಿಗೆ ಸಹಿ ಹಾಕಲೇ?

ಪ್ರಶ್ನೆ: ಮೇಡಂ, ಚಂದ್ರಗಿರಿ ಹೊಳೆಗೆ ಸೇರುವ ಉಪ್ಪುನೀರಿನ ತೋಡಿನ ಪಕ್ಕ, ಪೇಟೆಯ ಅಂಚಿನಲ್ಲಿ ನಮ್ಮ ಮನೆ. ತೋಡಿನ ಉದ್ದಕ್ಕೂ ಕಾಂಡ್ಲಾ (ಮ್ಯಾಂಗ್ರೋವ್) ಬೆಳೆದಿದೆ. ಇಳಿತದ ಹೊತ್ತಿಗೆ ಕೊಳೆತ ಮೊಟ್ಟೆಯ ವಾಸನೆ, ಸಂಜೆಯಾದರೆ ಸೊಳ್ಳೆ. ಕಡಿದು ಮಣ್ಣು ತುಂಬಿಸಿ ನಡೆಯುವ ದಾರಿ ಮಾಡಿಕೊಡಿ ಎಂಬ ಅರ್ಜಿಗೆ ನೆರೆಯವರೆಲ್ಲ ಸಹಿ ಹಾಕಿದ್ದಾರೆ. ನಾನೂ ಹಾಕಲೇ?
– ಓದುಗರೊಬ್ಬರು, ಕಾಸರಗೋಡು

ಉತ್ತರ: ದಯವಿಟ್ಟು ಹಾಕಬೇಡಿ.

ನಾನು ಅದೇ ಹೊಳೆಯ ದಡದಲ್ಲಿ ಬೆಳೆದವಳು. ಜೀವಶಾಸ್ತ್ರ ಕಲಿಸುತ್ತಿದ್ದಾಗ ಮಕ್ಕಳನ್ನು ಇಂಥದೇ ತೋಡಿಗೆ ಕರೆದೊಯ್ದು ಉಪ್ಪಟಿ ಎಂಬ ಕಾಂಡ್ಲಾ ಮರದ ಎಲೆ ನೆಕ್ಕಿಸುತ್ತಿದ್ದೆ. ಹೀರಿದ ಉಪ್ಪನ್ನು ಆ ಮರ ಎಲೆಯಿಂದಲೇ ಹೊರಹಾಕುತ್ತದೆ. ಸುತ್ತ ಪೆನ್ಸಿಲಿನಂತೆ ಕೆಸರಿನಿಂದ ಎದ್ದು ನಿಂತ ಕಡ್ಡಿಗಳೂ ಅದರ ಬೇರುಗಳೇ, ಉಸಿರಾಡಲು ಮೇಲೆ ಬಂದವು.

ಬೇರು ಮೇಲೆ ಬರುವುದಕ್ಕೂ ನಿಮ್ಮ ಮೂಗಿಗೆ ಬಡಿಯುವ ವಾಸನೆಗೂ ಕಾರಣ ಒಂದೇ: ಆ ಕೆಸರಿನೊಳಗೆ ಗಾಳಿಯಿಲ್ಲ. ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳು ಅಲ್ಲಿ ಸಮುದ್ರದ ನೀರಿನ ಸಲ್ಫೇಟ್ ಬಳಸಿ ಹೈಡ್ರೋಜನ್ ಸಲ್ಫೈಡ್ ಎಂಬ ಕೊಳೆತ ಮೊಟ್ಟೆ ವಾಸನೆಯ ಅನಿಲ ಬಿಡುತ್ತವೆ. ಗಾಳಿಯಿಲ್ಲದ್ದರಿಂದಲೇ ಹೂತುಹೋದ ಎಲೆ, ಬೇರು ಬೇಗ ಕೊಳೆಯುವುದಿಲ್ಲ. ಅವುಗಳ ಇಂಗಾಲ ನೂರಾರು ವರ್ಷ ಕೆಸರಲ್ಲೇ ಉಳಿಯುತ್ತದೆ. ಮೇಲೆ ಬಿದ್ದ ಎಲೆಯನ್ನು ಏಡಿ ಚೂರು ಮಾಡುತ್ತದೆ. ಆ ಚೂರನ್ನು ನಂಬಿ ಸಿಗಡಿ ಮರಿ, ಮೀನಿನ ಮರಿಗಳು ಬೇರುಗಳ ಸಂದಿಯಲ್ಲಿ ಬೆಳೆಯುತ್ತವೆ. ದೊಡ್ಡ ಮೀನು ಅಲ್ಲಿಗೆ ನುಗ್ಗಲಾರದು.

ಇನ್ನು ಸೊಳ್ಳೆ. ಇಳಿತದಲ್ಲಿ ಒಮ್ಮೆ ಬಗ್ಗಿ ನೋಡಿ. ಬಾಟಲಿ, ಚೀಲ ಸಿಕ್ಕಿಕೊಂಡು ನೀರು ಕಟ್ಟಿದ ಕಡೆ ಸೊಳ್ಳೆಮರಿ ಕಾಣಬಹುದು. ನೀರು ಸರಾಗವಾಗಿ ಹೋಗಿಬರುವಲ್ಲಿ ಮೀನಿನ ಮರಿಗಳು ಅವನ್ನು ತಿನ್ನುತ್ತವೆ. ಚರಂಡಿಯೂ ತೋಡಿಗೇ ಸೇರುತ್ತಿದ್ದರೆ ಅದನ್ನು ತಪ್ಪಿಸಿ ಎಂದು ಅರ್ಜಿ ಬರೆಯಿರಿ. ಅದಕ್ಕೆ ಮೊದಲ ಸಹಿ ನಿಮ್ಮದೇ ಇರಲಿ.

ನೆಲ ಗಟ್ಟಿಯಾಗಲೆಂದು ನನ್ನ ತಂದೆ ಹಿತ್ತಿಲ ಬದಿಯ ಕಾಂಡ್ಲಾ ಕಡಿಸಿ ಮುರಕಲ್ಲಿನ ಗೋಡೆ ಕಟ್ಟಿಸಿದ್ದರು. ಹಿಡಿದಿಡುವ ಬೇರಿಲ್ಲದೆ ಎರಡನೇ ಮಳೆಗಾಲಕ್ಕೆ ಬುಡದ ಮಣ್ಣು ಕೊಚ್ಚಿಹೋಗಿ, ಗೋಡೆಯ ಜೊತೆ ಎರಡು ತೆಂಗೂ ಹೊಳೆ ಪಾಲಾದವು. ಅಪ್ಪ ಬಹಳ ದಿನ ಆ ಕಡೆ ಹೋಗಲಿಲ್ಲ. ಆದರೆ ಪಕ್ಕದ ಕಣ್ಣೂರು ಜಿಲ್ಲೆಯ ಪಳಯಂಗಾಡಿಯಲ್ಲಿ ಕಲ್ಲೇನ್ ಪೊಕ್ಕುಡನ್ ಎಂಬವರು 1989ರಲ್ಲಿ ಕಾಂಡ್ಲಾ ನೆಡಲು ಶುರುಮಾಡಿ, 2015ರಲ್ಲಿ ತೀರಿಕೊಳ್ಳುವ ತನಕ ಅದನ್ನೇ ಬದುಕಾಗಿಸಿಕೊಂಡಿದ್ದರು.

ನೆರೆಯವರಿಗೆ ಇದನ್ನೂ ಹೇಳಿ: 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಂತೆ ಕಾಂಡ್ಲಾ ಕಾಡು ಅತಿ ಹೆಚ್ಚು ರಕ್ಷಣೆಯ ವರ್ಗಕ್ಕೆ ಸೇರುತ್ತದೆ. ಸರ್ಕಾರಿ ಜಾಗದಲ್ಲಿ ಅದು 1,000 ಚದರ ಮೀಟರ್ ದಾಟಿದ್ದರೆ ಪಕ್ಕದ 50 ಮೀಟರಿಗೂ ಅದೇ ರಕ್ಷಣೆ.